ಕೊನೆಯ ಒಂದು ಸೀರೆ ಯಾರಿಗೆ?

ಆನ್‌ಲೈನ್ ಅಂಗಡಿಯೆಂದರೆ ಕಣ್ಣಿಗೆ ಬೀಳುವುದು ಫೋಟೊ, ಬೆಲೆ, ‘ಈಗಲೇ ಕೊಳ್ಳಿ’ ಎನ್ನುವ ಗುಂಡಿ. ನನ್ನ ಅನ್ನ ಹುಟ್ಟುವುದು ಆ ಗುಂಡಿ ಒತ್ತಿದ ಮೇಲೆ ನಡೆಯುವ ವ್ಯವಹಾರದಲ್ಲಿ. ಗೋದಾಮಿನಲ್ಲಿ ಒಂದೇ ಸೀರೆ ಉಳಿದಿದೆ. ಹುಬ್ಬಳ್ಳಿಯಲ್ಲೊಬ್ಬರು, ಮೈಸೂರಿನಲ್ಲೊಬ್ಬರು ಒಟ್ಟಿಗೇ ಗುಂಡಿ ಒತ್ತಿದ್ದಾರೆ. ಯಾರಿಗೆ ಕೊಡುವುದು? ಯಾರಿಗೆ ‘ಇಲ್ಲ’ ಎನ್ನುವುದು? ಅದನ್ನು ಯಾವಾಗ ಹೇಳುವುದು? ತೆರೆಮರೆಯ ಈ ಕೆಲಸದ, ಅಂದರೆ ಬ್ಯಾಕ್‌ಎಂಡ್‌ನ ಚರಿತ್ರೆಯನ್ನು ನಾನು ಈ ಮೂರು ಪ್ರಶ್ನೆಗಳಿಗೆ ಸಿಕ್ಕ ಉತ್ತರಗಳ ಚರಿತ್ರೆಯೆಂದೇ ಓದುತ್ತೇನೆ.

ಅದರ ಬುನಾದಿ ಬಿದ್ದದ್ದು ವೆಬ್ ಹುಟ್ಟುವುದಕ್ಕೆ ಎಷ್ಟೋ ಮೊದಲು. 1970ರಲ್ಲಿ ಐಬಿಎಂನ ಸ್ಯಾನ್ ಹೋಸೆ ಪ್ರಯೋಗಾಲಯದ ಎಡ್ಗರ್ ಕಾಡ್ ಒಂದು ಪ್ರಬಂಧ ಬರೆದರು: ಮಾಹಿತಿಯನ್ನೆಲ್ಲ ಕೋಷ್ಟಕಗಳಲ್ಲಿ ಇಡೋಣ, ಡಿಸ್ಕಿನಲ್ಲಿ ಅದು ಎಲ್ಲಿ ಕೂತಿದೆಯೆಂಬ ತಲೆಬಿಸಿ ಬಳಸುವವರಿಗೆ ಬೇಡ. ಅದೇ ಪ್ರಯೋಗಾಲಯದಲ್ಲಿ ಜಿಮ್ ಗ್ರೇ ‘ಟ್ರಾನ್ಸಾಕ್ಷನ್’ ಎಂಬ ಕಲ್ಪನೆಗೆ ಗಟ್ಟಿ ರೂಪ ಕೊಟ್ಟರು. ಸೀರೆಯ ಲೆಕ್ಕದಲ್ಲಿ ಹೇಳುವುದಾದರೆ, ಸ್ಟಾಕಿನಲ್ಲಿ ಒಂದು ಕಳೆಯುವುದು, ಆರ್ಡರ್ ಬರೆಯುವುದು, ಹಣ ಜಮಾ ಮಾಡುವುದು, ಈ ಮೂರೂ ಆಗಬೇಕು, ಇಲ್ಲವೇ ಒಂದೂ ಆಗಬಾರದು. ನಡುವೆ ಕರೆಂಟು ಹೋದರೆ ಎಲ್ಲವೂ ಮೊದಲಿದ್ದಂತೆಯೇ ಇರಬೇಕು.

1995ರ ಜುಲೈನಲ್ಲಿ ಅಮೆಜಾನ್ ಬಾಗಿಲು ತೆರೆದಾಗ ಈ ವಿದ್ಯೆಯೆಲ್ಲ ಬ್ಯಾಂಕು, ವಿಮಾನ ಕಂಪನಿಗಳಲ್ಲಿ ಪಳಗಿತ್ತು; ಅಂಗಡಿಗೆ ಮಾತ್ರ ಹೊಸದು. ಅಲ್ಲಿನ ಮೊದಲ ಎಂಜಿನಿಯರ್ ಶೆಲ್ ಕಾಫನ್ ಮತ್ತು ಜೊತೆಗಾರರು ಗಿರಾಕಿಗಳ ಕಾರ್ಡ್ ನಂಬರುಗಳನ್ನು ನೆಟ್‌ವರ್ಕಿಗೆ ಸೇರಿಸದ ಬೇರೊಂದು ಕಂಪ್ಯೂಟರಿನಲ್ಲಿ ಇಡುತ್ತಿದ್ದರು. ಅಲ್ಲಿಗೆ ಒಯ್ಯುವುದು ಫ್ಲಾಪಿಯಲ್ಲಿ. ಪುಸ್ತಕದ ಸಂಖ್ಯೆಯನ್ನು ಮೈನಸ್‌ನಲ್ಲಿ ಕೊಟ್ಟರೂ ಆ ಅಂಗಡಿ ಒಪ್ಪಿಕೊಂಡು, ಗಿರಾಕಿಯ ಕಾರ್ಡಿಗೇ ಹಣ ತುಂಬುವಂತಿತ್ತೆಂದು ಜೆಫ್ ಬೆಜೋಸ್ ಮುಂದೆ ನಗುತ್ತ ಹೇಳಿಕೊಂಡಿದ್ದಾರೆ. ಅದೇ ವರ್ಷ ಶುರುವಾದ ವಯಾವೆಬ್ ಡೇಟಾಬೇಸಿನ ಗೊಡವೆಗೇ ಹೋಗದೆ ಎಲ್ಲವನ್ನೂ ಬರೀ ಫೈಲುಗಳಲ್ಲಿಟ್ಟು ಇತರರ ಆನ್‌ಲೈನ್ ಅಂಗಡಿಗಳನ್ನು ನಡೆಸಿತು. 1998ರಲ್ಲಿ ಯಾಹೂ ಅದನ್ನು ಕೊಂಡುಕೊಂಡಿತು.

ಅದೇ 1995ರಲ್ಲಿ ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್, ವೆಬ್ ಪುಟಗಳಿಗೆ ಕೋಡ್ ಬರೆಯುವ ಪಿಎಚ್‌ಪಿ ಎರಡೂ ಬಂದವು. ಲೈಸೆನ್ಸಿಗೆ ಲಕ್ಷಗಟ್ಟಲೆ ಸುರಿಯಲಾರದ ನಮ್ಮಂಥವರಿಗೆ ದಾರಿ ತೆರೆದದ್ದು ಇವೇ. ಅಲ್ಲಿಯವರೆಗೆ ನಾನು ಚಿಕ್ಕಪೇಟೆಯ ಅಂಗಡಿಗಳಿಗೆ ಫಾಕ್ಸ್‌ಪ್ರೊನಲ್ಲಿ ಬಿಲ್ಲಿಂಗ್ ಬರೆದುಕೊಡುತ್ತಿದ್ದವನು. ಎರಡು ಕೌಂಟರು, ಒಂದು ಸ್ಟಾಕ್ ಫೈಲು. ಒಬ್ಬ ಬಿಲ್ ಹಾಕುವಾಗ ಇನ್ನೊಬ್ಬನ ಪರದೆ ನಿಂತು ಕಾಯುತ್ತಿತ್ತು. ಅಲ್ಲಿನ ಸೀರೆ ಅಂಗಡಿಯವರೊಬ್ಬರು ವೆಬ್‌ಸೈಟ್ ಬೇಕೆಂದಾಗ ಹಾಕಿದ ಷರತ್ತು ಒಂದೇ: “ಇಲ್ಲ ಅನ್ನೋದಾದ್ರೆ ಮೊದ್ಲೇ ಅಂದ್ಬಿಡಿ ಸಾರ್. ದುಡ್ಡು ಇಸ್ಕೊಂಡ್ಮೇಲೆ ಇಲ್ಲ ಅಂದ್ರೆ ಅಂಗಡಿ ಹೆಸರು ಹೋಗುತ್ತೆ.”

ಆ ಕಾಲದ ಸಿದ್ಧ ಕೋಡುಗಳು ಸ್ಟಾಕಿನ ಸಂಖ್ಯೆ ಓದಿ, ಒಂದು ಕಳೆದು, ಮತ್ತೆ ಬರೆಯುತ್ತಿದ್ದವು. ಓದುವುದಕ್ಕೂ ಬರೆಯುವುದಕ್ಕೂ ನಡುವಿನ ಚೂರು ಹೊತ್ತಿನಲ್ಲಿ ಮತ್ತೊಬ್ಬ ಗಿರಾಕಿಯೂ ಅದೇ 1 ಓದಿಬಿಡುತ್ತಾನೆ. ಮದ್ದು ಒಂದೇ ಸಾಲಿನದು: ‘ಸಂಖ್ಯೆ ಸೊನ್ನೆಗಿಂತ ಹೆಚ್ಚಿದ್ದರೆ ಮಾತ್ರ ಒಂದು ಕಳೆ’ ಎಂಬ ಅಪ್‌ಡೇಟ್ ಆಜ್ಞೆ. ಎಷ್ಟು ಸಾಲು ಬದಲಾಯಿತೆಂದು ಡೇಟಾಬೇಸೇ ತಿಳಿಸುತ್ತದೆ. 1 ಬಂದರೆ ಸೀರೆ ನಿಮ್ಮದು, 0 ಬಂದರೆ ಬೇರೆಯವರದ್ದಾಯಿತು. ಆದರೆ ಸ್ಟಾಕ್ ಕಳೆದು ಆರ್ಡರ್ ಬರೆಯುವಷ್ಟರಲ್ಲಿ ಸರ್ವರ್ ಬಿದ್ದರೆ? ಮೈಎಸ್‌ಕ್ಯೂಎಲ್ ಆಗ ತಾನಾಗಿ ಕೊಡುತ್ತಿದ್ದ ಮೈಐಸ್ಯಾಮ್ ಟೇಬಲ್‌ಗಳಿಗೆ ಟ್ರಾನ್ಸಾಕ್ಷನ್ನೇ ಗೊತ್ತಿರಲಿಲ್ಲ. 2001ರಿಂದ ಜೊತೆಗಿದ್ದ, ಟ್ರಾನ್ಸಾಕ್ಷನ್ ಬಲ್ಲ ಇನ್ನೊಡಿಬಿಯನ್ನು ನಾವೇ ಕೇಳಿ ಪಡೆಯಬೇಕಿತ್ತು. ಕೇಳದೆಯೇ ಸಿಗುವಂತಾದದ್ದು 2010ರ 5.5ನೇ ಆವೃತ್ತಿಯಲ್ಲಿ.

ಬೆಂಗಳೂರಿಗೆ ಆನ್‌ಲೈನ್ ಅಂಗಡಿ ಅಷ್ಟರಲ್ಲಿ ಹಳೆಯದಾಗಿತ್ತು. ಫ್ಯಾಬ್‌ಮಾರ್ಟ್ 1999ರಲ್ಲೇ ಇಲ್ಲಿಂದ ಸಂಗೀತದ ಸಿಡಿ ಮಾರಲು ಹೊರಟಿತ್ತು. 2002ರಲ್ಲಿ ಐಆರ್‌ಸಿಟಿಸಿ ರೈಲು ಟಿಕೆಟನ್ನು ಆನ್‌ಲೈನಿಗೆ ತಂದಿತು. ಕೊನೆಯ ಬರ್ತ್‌ಗಾಗಿ ನಡೆಯುವ ಪೈಪೋಟಿಯ ಮುಂದೆ ನಮ್ಮ ಕೊನೆಯ ಸೀರೆ ಯಾವ ಲೆಕ್ಕ! ಅಮೆಜಾನ್ ಬಿಟ್ಟು ಬಂದ ಸಚಿನ್ ಬನ್ಸಲ್, ಬಿನ್ನಿ ಬನ್ಸಲ್ 2007ರಲ್ಲಿ ಕೋರಮಂಗಲದಲ್ಲಿ ಫ್ಲಿಪ್‌ಕಾರ್ಟ್ ಕಟ್ಟಿದರು. 2010ರಲ್ಲಿ ಅವರು ಕ್ಯಾಶ್ ಆನ್ ಡೆಲಿವರಿ ಶುರುಮಾಡಿದ ಮೇಲೆ ಸಣ್ಣಪುಟ್ಟ ಅಂಗಡಿಗಳೂ ಅದನ್ನೇ ಹಿಡಿಯಬೇಕಾಯಿತು.

ನಮ್ಮ ಟೇಬಲ್‌ಗಳ ಆಕಾರ ಬದಲಾದದ್ದು ಆಗ. ಪಾಶ್ಚಾತ್ಯ ಮಾದರಿಯ ಕೋಡಿನಲ್ಲಿ ಹಣ ಬಂದ ಮೇಲೆಯೇ ಆರ್ಡರ್. ಇಲ್ಲಿ ಆರ್ಡರ್ ಮೊದಲು, ಸಾಮಾನು ಆಮೇಲೆ, ಹಣ ಕೊನೆಗೆ. ಗಿರಾಕಿ ಬಾಗಿಲಲ್ಲೇ ಬೇಡವೆಂದರೆ ಹಣವೇ ಇಲ್ಲ. ಸೀರೆ ಕಪಾಟಿನಲ್ಲೂ ಇಲ್ಲ, ಮಾರಾಟವೂ ಆಗಿಲ್ಲ, ಕೊರಿಯರ್‌ನವರ ಚೀಲದಲ್ಲಿದೆ. ಅದಕ್ಕೆಂದೇ ಸ್ಟೇಟಸ್ ಕಾಲಂನಲ್ಲಿ ಹೊಸ ಹೊಸ ಹೆಸರುಗಳು ಸೇರಿದವು. ಪಕ್ಕದಲ್ಲಿ ಪಿನ್‌ಕೋಡುಗಳದ್ದೇ ಒಂದು ಟೇಬಲ್: ಯಾವ ಊರಿಗೆ ಕೊರಿಯರ್ ಹೋಗುತ್ತದೆ, ಎಲ್ಲಿ ಕೈಗೆ ಹಣ ತೆಗೆದುಕೊಳ್ಳುತ್ತಾರೆ. 1972ರ ಆಗಸ್ಟ್ 15ರಂದು ಅಂಚೆ ವಿಂಗಡಣೆಗೆಂದು ಬಂದ ಆರಂಕಿಯೇ ಯಾರಿಗೆ ಮೊದಲೇ ‘ಇಲ್ಲ’ ಎನ್ನಬೇಕೆಂದು ತೀರ್ಮಾನಿಸತೊಡಗಿತು.

ದೊಡ್ಡವರ ದಾರಿ ಅಷ್ಟರಲ್ಲಿ ಕವಲೊಡೆದಿತ್ತು. 2007ರಲ್ಲಿ ಅಮೆಜಾನ್ ಮಾಹಿತಿ ಇಡುವ ತನ್ನ ಡೈನಮೊ ವ್ಯವಸ್ಥೆಯ ಪ್ರಬಂಧ ಪ್ರಕಟಿಸಿತು. ಏನೇ ಕೆಟ್ಟರೂ ಕಾರ್ಟಿಗೆ ಸಾಮಾನು ಸೇರಿಸಲು ಗಿರಾಕಿಗೆ ಅಡ್ಡಿಯಾಗಬಾರದು. ಹಾಗೆ ಮಾಡುವಾಗ ಅವನು ತೆಗೆದುಹಾಕಿದ್ದು ಒಮ್ಮೊಮ್ಮೆ ಮತ್ತೆ ಕಾಣಿಸಿಕೊಂಡರೂ ಸರಿ ಎಂಬ ಧೋರಣೆ. ಕಾರ್ಟಿನ ಮಟ್ಟಿಗೆ ಇದು ಜಾಣತನವೇ, ಏಕೆಂದರೆ ಅಲ್ಲಿ ಇನ್ನೂ ಯಾರಿಗೂ ಮಾತು ಕೊಟ್ಟಿಲ್ಲ. ಆರ್ಡರ್ ಹಾಗಲ್ಲ. 2014ರ ಅಕ್ಟೋಬರ್ 6ರ ‘ಬಿಗ್ ಬಿಲಿಯನ್ ಡೇ’ ರಿಯಾಯಿತಿ ಮಾರಾಟದಲ್ಲಿ ಹತ್ತು ಗಂಟೆಯಲ್ಲಿ ಸುಮಾರು 600 ಕೋಟಿ ರೂಪಾಯಿ ವ್ಯಾಪಾರವಾಯಿತೆಂದು ಫ್ಲಿಪ್‌ಕಾರ್ಟ್ ಹೇಳಿಕೊಂಡಿತು. ಸೈಟ್ ತಡವರಿಸಿತ್ತು, ಕೆಲವು ಆರ್ಡರ್‌ಗಳು ರದ್ದಾಗಿದ್ದವು. ಸ್ಥಾಪಕರಿಬ್ಬರೂ ಗಿರಾಕಿಗಳಿಗೆ ಪತ್ರ ಬರೆದು ಕ್ಷಮೆ ಕೇಳಿದರು.

2016ರಲ್ಲಿ ಯುಪಿಐ ಬಂದ ಮೇಲೆ ತೊಡಕು ಅಂಗಡಿಯ ಹೊಸಿಲು ದಾಟಿದೆ. ಹಣದ ಲೆಕ್ಕ ಬ್ಯಾಂಕಿನ ಡೇಟಾಬೇಸಿನಲ್ಲಿ, ಆರ್ಡರ್ ನಮ್ಮದರಲ್ಲಿ. ಎರಡನ್ನೂ ಒಂದೇ ಟ್ರಾನ್ಸಾಕ್ಷನ್ನಿಗೆ ಕಟ್ಟಿಹಾಕಲು ಬರುವುದಿಲ್ಲ. ಹಣ ಕಟ್ ಆಗಿ ಆರ್ಡರ್ ಆಗದವರನ್ನು ಹುಡುಕಲು ಎರಡೂ ಕಡೆಯ ಲೆಕ್ಕವನ್ನು ಮತ್ತೆ ಮತ್ತೆ ತಾಳೆ ನೋಡುವ ಪ್ರೋಗ್ರಾಂ ಬೇಕೇ ಬೇಕು. ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಬಂದ ದಿನವೇ ಕೇಳುತ್ತಾರೆ: “ಸಾರ್, ಯಾವ ಡೇಟಾಬೇಸ್ ಹಾಕೋಣ?” ನಾನು ಅವರಿಗೆ ಮೊದಲು ಒಂದು ಹಾಳೆ ಕೊಡುತ್ತೇನೆ. ಯಾವ ಹಂತದಲ್ಲಿ ಗಿರಾಕಿಗೆ ಮಾತು ಕೊಟ್ಟಂತಾಗುತ್ತದೆ, ಆಮೇಲೆ ಸಾಮಾನಿಲ್ಲವೆಂದಾದರೆ ಅವರ ದುಡ್ಡು ಯಾವ ದಾರಿಯಲ್ಲಿ ವಾಪಸ್ ಹೋಗುತ್ತದೆ, ಇಷ್ಟು ಬರೆದು ತನ್ನಿ ಎನ್ನುತ್ತೇನೆ. ಅದು ಬರೆದಾದ ಮೇಲೆ ಯಾವ ಟೇಬಲ್‌ಗಳು ಬೇಕೆಂದು ಅವರೇ ಹೇಳುತ್ತಾರೆ.