ಪರಿಸರ ನೀರು: ಮರ್ರೆ ನದಿಯ ನೆರೆಬಯಲಿಗೆ ನೀರು ಹಾಯಿಸಿದ ಇತಿಹಾಸ

ಅಣೆಕಟ್ಟಿನ ನೀರಿನಲ್ಲಿ ಬೇಸಾಯಕ್ಕೆ ಒಂದು ಪಾಲು, ಊರುಗಳಿಗೆ ಒಂದು ಪಾಲು ಇರುವಂತೆ ನದಿಗೂ, ಅದರ ದಡದ ಜೌಗುನೆಲ, ಕಾಡು, ಮೀನು, ಹಕ್ಕಿಗಳಿಗೂ ಕಾನೂನಿನ ಪ್ರಕಾರ ತೆಗೆದಿಡುವ ಪಾಲೇ ಪರಿಸರ ನೀರು. ನದಿ ತುಂಬಿ ಹರಿಯುವಾಗಲೇ ಈ ಪಾಲನ್ನು ಬಿಟ್ಟು, ಚಿಕ್ಕ ನೆರೆಯನ್ನು ಹಿಗ್ಗಿಸುವುದು, ಬೇಗ ಇಳಿಯುವ ನೆರೆಯನ್ನು ಇನ್ನಷ್ಟು ದಿನ ನಿಲ್ಲಿಸುವುದು ಇದರ ಮುಖ್ಯ ವಿಧಾನ. ಆಸ್ಟ್ರೇಲಿಯಾದ ಆಗ್ನೇಯ ಭಾಗದ ಮರ್ರೆ-ಡಾರ್ಲಿಂಗ್ ಜಲಾನಯನ ಪ್ರದೇಶದಲ್ಲಿ ಈ ವಿಧಾನ ಪ್ರಯೋಗಕ್ಕೆ ಬಂದು, ಕಾನೂನಾಗಿ, ಇವತ್ತಿಗೂ ಜಗಳದ ವಿಷಯವಾಗಿ ಉಳಿದಿದೆ. ಅದರ ಇತಿಹಾಸವನ್ನು ಅರಿಯಲು ಬಾರ್ಮಾ-ಮಿಲ್ಲೆವಾ ಕಾಡಿಗಿಂತ ಒಳ್ಳೆಯ ಜಾಗವಿಲ್ಲ.

ವಿಕ್ಟೋರಿಯಾ ಮತ್ತು ನ್ಯೂ ಸೌತ್ ವೇಲ್ಸ್ ರಾಜ್ಯಗಳ ಗಡಿಯಲ್ಲಿ, ಮರ್ರೆ ನದಿಯ ಎರಡೂ ದಡಗಳಲ್ಲಿ ಸುಮಾರು 66,000 ಹೆಕ್ಟೇರಿಗೆ ಹಬ್ಬಿದ ಈ ಕಾಡು ಜಗತ್ತಿನ ಅತಿ ದೊಡ್ಡ ರಿವರ್ ರೆಡ್ ಗಮ್ ಕಾಡು. ರೆಡ್ ಗಮ್ ಎಂದರೆ ನಮ್ಮ ಬಯಲುಸೀಮೆಯಲ್ಲಿ ಅಂತರ್ಜಲ ಹೀರುತ್ತದೆಂಬ ದೂರು ಹೊತ್ತ ನೀಲಗಿರಿಯ ಕುಲದ ಮರ. ತವರಿನಲ್ಲಿ ಅದು ನೆರೆಯನ್ನೇ ನೆಚ್ಚಿ ಬದುಕುವ ಮರ. ಈ ಸೀಮೆ ಯೋರ್ಟಾ ಯೋರ್ಟಾ ಮೂಲನಿವಾಸಿಗಳದು. ಅವರ ನುಡಿಯಲ್ಲಿ ನದಿಯ ಹೆಸರು ಧುಂಗಲಾ. ಸಾವಿರಾರು ವರ್ಷಗಳ ಹಿಂದೆ ಕ್ಯಾಡೆಲ್ ಬಿರುಕಿನುದ್ದಕ್ಕೂ ನೆಲ ಮೇಲೆದ್ದು ನದಿಯ ದಾರಿಗೆ ಅಡ್ಡ ನಿಂತಿತು. ನದಿ ಪಕ್ಕಕ್ಕೆ ಹೊರಳಿ, ಕೊನೆಗೆ ಒಂದು ಕಿರಿದಾದ ಹರಿವಿನ ಹಾದಿಯನ್ನು ಕೊರೆದುಕೊಂಡಿತು. ಅದೇ ಬಾರ್ಮಾ ಚೋಕ್, ಅಂದರೆ ನದಿಯ ಕುತ್ತಿಗೆ. ಮೇಲಿನಿಂದ ಬರುವ ದೊಡ್ಡ ಹರಿವು ಈ ಕುತ್ತಿಗೆಯಲ್ಲಿ ಹಿಡಿಸದೆ ಎರಡೂ ಕಡೆಯ ಕಾಡಿಗೆ ನುಗ್ಗುತ್ತದೆ. ಕಾಡು ಹುಟ್ಟಿದ್ದೇ ಹೀಗೆ.

ಅಲ್ಲಿನ ಋತುಮಾನ ನಮ್ಮದಕ್ಕೆ ತಿರುಗುಮುರುಗು. ಚಳಿಗಾಲದ ಮಳೆ, ಬೆಟ್ಟಗಳ ಹಿಮ ಕರಗಿದ ನೀರು ಸೇರಿ ಆಗಸ್ಟ್‌ನಿಂದ ನವೆಂಬರ್‌ವರೆಗೆ ನದಿ ಏರುತ್ತಿತ್ತು. ಬೇಸಿಗೆಯ ಡಿಸೆಂಬರ್-ಫೆಬ್ರವರಿಯಲ್ಲಿ ಕಾಡು ಒಣಗುತ್ತಿತ್ತು. ಮೊಯಿರಾ ಹುಲ್ಲಿನ ಬದುಕು ಈ ತಾಳಕ್ಕೆ ಕಟ್ಟುಬಿದ್ದದ್ದು. ಚಳಿಗಾಲ, ವಸಂತದಲ್ಲಿ ತಿಂಗಳುಗಟ್ಟಲೆ ನಿಂತ ನೀರಿನ ಮೇಲೆ ಅದು ತೇಲುತ್ತಾ ಬೆಳೆದು ಹೂಬಿಡುತ್ತದೆ, ಬೇಸಿಗೆಯಲ್ಲಿ ನೆಲಕ್ಕೆ ಒರಗಿ ಒಣಗುತ್ತದೆ. ಎರಡರಲ್ಲಿ ಒಂದು ತಪ್ಪಿದರೂ ಅದರ ಜಾಗಕ್ಕೆ ಜೊಂಡು ಅಥವಾ ಗಮ್ ಸಸಿಗಳು ಬಂದುಬಿಡುತ್ತವೆ.

ಈ ತಾಳ ತಪ್ಪಿದ್ದು 20ನೇ ಶತಮಾನದಲ್ಲಿ. ಮೂರು ರಾಜ್ಯಗಳು ಮತ್ತು ಕೇಂದ್ರ ಸರ್ಕಾರದ ಒಪ್ಪಂದದ ಮೇರೆಗೆ 1917ರಲ್ಲಿ ರಿವರ್ ಮರ್ರೆ ಕಮಿಷನ್ ಕೆಲಸ ಆರಂಭಿಸಿತು. 1919ರಲ್ಲಿ ಶುರುವಾದ ಹ್ಯೂಮ್ ಅಣೆಕಟ್ಟು 1936ರಲ್ಲಿ ಮುಗಿಯಿತು. ಎತ್ತರಿಸಿದ ಮೇಲೆ ಅದು ಸುಮಾರು 3,000 ಗಿಗಾಲೀಟರ್, ಅಂದರೆ 106 ಟಿಎಂಸಿ ನೀರು ಹಿಡಿಯುತ್ತದೆ. ನಮ್ಮ ಕೆಆರ್‌ಎಸ್‌ನ ಎರಡು ಪಟ್ಟಿಗೂ ಹೆಚ್ಚು. 1939ರಲ್ಲಿ ಯಾರವಾಂಗಾ ಒಡ್ಡು, 1979ರಲ್ಲಿ ಇನ್ನೂ ದೊಡ್ಡದಾದ ಡಾರ್ಟ್‌ಮೌತ್ ಅಣೆಕಟ್ಟು ಬಂದವು. ವಸಂತದ ನೆರೆ ಜಲಾಶಯಗಳಲ್ಲಿ ನಿಂತಿತು; ತೋಟ ಗದ್ದೆಗಳಿಗೆ ಬೇಕಾದ ನೀರು ಬೇಸಿಗೆಯಲ್ಲಿ ದಡ ಮುಟ್ಟುವಂತೆ ಹರಿಯಿತು. ಆ ನೀರು ಕಾಡಿನಲ್ಲಿ ಸೋರಿ 'ವ್ಯರ್ಥ'ವಾಗದಿರಲಿ ಎಂದು ಕಾಡಿಗೆ ಹೋಗುವ ಹಳ್ಳಗಳ ಬಾಯಿಗೆ ತೂಬುಗಳನ್ನು ಕಟ್ಟಿದರು. ಆದರೂ ಬೇಸಿಗೆಯಲ್ಲಿ ಕಾಡು ಅಕಾಲದಲ್ಲಿ ನೆನೆಯುವುದು ತಪ್ಪಲಿಲ್ಲ. ರೈತರು ನೀರು ಬೇಕೆಂದು ಹೇಳುತ್ತಾರೆ, ಹ್ಯೂಮ್‌ನಿಂದ ಬಿಡುತ್ತಾರೆ, ಯಾರವಾಂಗಾ ತಲುಪಲು ಮೂರ್ನಾಲ್ಕು ದಿನ ಬೇಕು. ಅಷ್ಟರಲ್ಲಿ ಮಳೆ ಬಂದು ರೈತರು ಬೇಡವೆಂದರೆ, ಆಗಲೇ ಹೊರಟ ನೀರು ಕಾಡಿಗೆ ನುಗ್ಗುತ್ತದೆ. ಬೇಕಾದಾಗ ಬಾಯಾರಿಕೆ, ಬೇಡವಾದಾಗ ನೀರು: ಕಾಡು ಅರ್ಧ ಶತಮಾನ ಹೀಗೆ ನರಳಿತು.

ನದಿಗೂ ಒಂದು ಪಾಲು ಬೇಕೆಂಬ ಮಾತು ಮೊದಲು ಗಟ್ಟಿಯಾಗಿ ಕೇಳಿದ್ದು ಉತ್ತರದ ಮ್ಯಾಕ್ವಾರಿ ಜೌಗಿನಲ್ಲಿ. 1967ರಲ್ಲಿ ಬರೆಂಡಾಂಗ್ ಅಣೆಕಟ್ಟು ಮುಗಿದ ಮೇಲೆ ಅಲ್ಲಿನ ಹಕ್ಕಿಗಳ ತಾಣ ಕುಗ್ಗತೊಡಗಿ, 1980ರ ದಶಕದ ಹೊತ್ತಿಗೆ ಜೌಗಿಗೆಂದೇ ನೀರು ಮೀಸಲಾಗಿತ್ತು. ಬಾರ್ಮಾ-ಮಿಲ್ಲೆವಾ ಸರದಿ 1993ರಲ್ಲಿ ಬಂತು. ವರ್ಷಕ್ಕೆ 100 ಗಿಗಾಲೀಟರ್, ಅಂದರೆ ಮೂರೂವರೆ ಟಿಎಂಸಿ; ಎರಡು ರಾಜ್ಯಗಳೂ ಅರ್ಧರ್ಧ ಕೊಡಬೇಕು. ಬಳಸದಿದ್ದರೆ ಮುಂದಿನ ವರ್ಷಕ್ಕೆ ಕೂಡಿಡಬಹುದು. ನನ್ನ ಅಭಿಪ್ರಾಯದಲ್ಲಿ ಈ ವ್ಯವಸ್ಥೆಯ ಜಾಣತನವೆಲ್ಲ ಈ ಕೂಡಿಡುವ ನಿಯಮದಲ್ಲಿದೆ. ಬರದ ವರ್ಷ ಮೂರೂವರೆ ಟಿಎಂಸಿಯನ್ನು ಒಣ ನದಿಗೆ ಸುರಿದರೆ ಕಾಡಿಗೆ ಅದರಿಂದ ಪ್ರಯೋಜನ ಅಲ್ಪ. ಅದೇ ನೀರನ್ನು ಕೂಡಿಟ್ಟು, ಉಪನದಿಗಳು ತಾವಾಗಿಯೇ ಉಕ್ಕಿದ ದಿನ ಅವುಗಳ ಬೆನ್ನಿಗೆ ಸೇರಿಸಿದರೆ ಅದು ದಡ ದಾಟುತ್ತದೆ.

1998ರಲ್ಲಿ ಮೊದಲ ಬಾರಿ ಈ ನೀರನ್ನು ಬಿಟ್ಟರು. ನಿಜವಾದ ಪರೀಕ್ಷೆ ನಡೆದದ್ದು 2000ದ ವಸಂತದಲ್ಲಿ. ಆ ವರ್ಷ ನದಿಗೆ ತಾನಾಗಿಯೇ ನೆರೆ ಬಂದು, ಇಳಿದು, ಮತ್ತೆ ಏರಿತು. ನಡುವಿನ ಇಳಿತವೇ ಅಪಾಯ. ಬೆಳ್ಳಕ್ಕಿಗಳು, ಐಬಿಸ್‌ಗಳು ಕೆಳಗೆ ನೀರು ನಿಂತ ಮರಗಳಲ್ಲಿ, ಜೊಂಡಿನಲ್ಲಿ ಗೂಡು ಕಟ್ಟುತ್ತವೆ. ಬೆಳ್ಳಕ್ಕಿ ಮೊಟ್ಟೆಯಿಟ್ಟು ಮರಿ ರೆಕ್ಕೆ ಬಲಿತು ಹಾರಲು ಎರಡು ತಿಂಗಳಿಗೂ ಹೆಚ್ಚು ಬೇಕು. ಅಷ್ಟರೊಳಗೆ ನೀರು ಸರ್ರನೆ ಇಳಿದರೆ ತಾಯಿಹಕ್ಕಿಗಳು ಮರಿಗಳನ್ನು ಗೂಡಿನಲ್ಲೇ ಬಿಟ್ಟು ಹೊರಟುಬಿಡುತ್ತವೆ. ಆ ವರ್ಷ ಸುಮಾರು 341 ಗಿಗಾಲೀಟರ್, ಅಂದರೆ 12 ಟಿಎಂಸಿ ನೀರನ್ನು ನೆರೆಯ ಎರಡು ಏರುಗಳ ನಡುವಿನ ತಗ್ಗಿಗೆ, ಆಮೇಲೆ ಕೊನೆಯ ಇಳಿತಕ್ಕೆ ಸೇರಿಸಿ, ಮರಿಗಳು ಹಾರುವವರೆಗೆ ಜೌಗಿನಲ್ಲಿ ನೀರು ನಿಲ್ಲಿಸಿದರು. ನೆರೆಯನ್ನು ಹುಟ್ಟಿಸಿದ್ದು ಪ್ರಕೃತಿ. ಮನುಷ್ಯರು ಮಾಡಿದ್ದು ಅದು ಅರ್ಧಕ್ಕೆ ನಿಲ್ಲದಂತೆ ನೋಡಿಕೊಂಡದ್ದು. 2005-06ರಲ್ಲಿ ಇದೇ ಕ್ರಮದಲ್ಲಿ 513 ಗಿಗಾಲೀಟರ್ ಬಿಟ್ಟರು.

ಅಷ್ಟರಲ್ಲಿ 1990ರ ದಶಕದ ಕೊನೆಯಿಂದ 2009ರವರೆಗೆ ಕಾಡಿದ ಮಹಾಬರ ಇಡೀ ಜಲಾನಯನವನ್ನು ಹಿಂಡಿತ್ತು. ನದಿ ಸಮುದ್ರ ಸೇರುವ ಬಾಯಿಯೇ ಮರಳಿನಿಂದ ಮುಚ್ಚಿಹೋಗದಂತೆ 2002ರಿಂದ ಯಂತ್ರ ಹಚ್ಚಿ ಮರಳು ತೆಗೆಯಬೇಕಾಯಿತು. 2004ರ 'ಲಿವಿಂಗ್ ಮರ್ರೆ' ಒಪ್ಪಂದ ಬಾರ್ಮಾ-ಮಿಲ್ಲೆವಾ ಸೇರಿ ಆರು ತಾಣಗಳಿಗೆ 500 ಗಿಗಾಲೀಟರ್ ದೊರಕಿಸುವ ಗುರಿ ಇಟ್ಟಿತು. 2007ರ ಜಲ ಕಾಯ್ದೆ ಪರಿಸರದ ಪರವಾಗಿ ನೀರಿನ ಹಕ್ಕುಗಳನ್ನು ಹೊಂದುವ ಒಂದು ಕೇಂದ್ರ ಹುದ್ದೆಯನ್ನೇ ಸೃಷ್ಟಿಸಿತು. ಸರ್ಕಾರ ಒಪ್ಪಿಬಂದ ರೈತರಿಂದ ನೀರಿನ ಹಕ್ಕುಗಳನ್ನು ಹಣಕೊಟ್ಟು ಕೊಳ್ಳತೊಡಗಿತು. 2010ರಲ್ಲಿ ಜಲಾನಯನ ಯೋಜನೆಯ ಕರಡು ಮಾರ್ಗಸೂಚಿ ಹೊರಬಂದಾಗ ಗ್ರಿಫಿತ್ ಊರಿನ ರೈತರು ಅದರ ಪ್ರತಿಗಳನ್ನು ಸುಟ್ಟರು. 2012ರಲ್ಲಿ ಅಂಗೀಕಾರವಾದ ಯೋಜನೆ ವರ್ಷಕ್ಕೆ 2,750 ಗಿಗಾಲೀಟರ್ (97 ಟಿಎಂಸಿ) ನೀರನ್ನು ನದಿಗೆ ಹಿಂದಿರುಗಿಸುವ ಗುರಿ ಇಟ್ಟಿತು. ರೈತರ ಆತಂಕ ಸುಳ್ಳಲ್ಲ. ನೀರಿನ ಹಕ್ಕು ಮಾರಿಹೋದ ಊರಿನಲ್ಲಿ ಅಂಗಡಿ, ಶಾಲೆಗಳಿಗೂ ಪೆಟ್ಟು ಬೀಳುತ್ತದೆ.

ನೆರೆ ಕೆಡುಕನ್ನೂ ತರಬಲ್ಲದೆಂದು ಬರ ಮುಗಿದ ಕೂಡಲೇ ತಿಳಿಯಿತು. ವರ್ಷಗಟ್ಟಲೆ ನೀರು ಕಾಣದ ಕಾಡಿನಲ್ಲಿ ತರಗೆಲೆ ರಾಶಿ ಬಿದ್ದಿತ್ತು. 2010-11ರ ದೊಡ್ಡ ನೆರೆ ಅದನ್ನು ನೆನೆಸಿದಾಗ ನೀರು ಚಹಾ ಕಷಾಯದಂತೆ ಕಪ್ಪಾಯಿತು, ಕರಗಿದ ಆಮ್ಲಜನಕ ತೀರಿಹೋಯಿತು. ಮೀನುಗಳು ಸತ್ತವು. ಮರ್ರೆ ನದಿಯ ಮುಳ್ಳುಮೈಯ ದೊಡ್ಡ ಸಿಗಡಿಗಳು ಉಸಿರಿಗಾಗಿ ನೀರು ಬಿಟ್ಟು ದಡಕ್ಕೆ, ಮರದ ಬೊಡ್ಡೆಗಳ ಮೇಲಕ್ಕೆ ಹತ್ತಿ ಕುಳಿತವು. ಮೇಲ್ನೋಟಕ್ಕೆ ಇದು ನೆರೆ ಬೇಡವೆಂಬವರ ವಾದಕ್ಕೆ ಬಲ ಕೊಡುವಂತಿದೆ. ಕಾರಣ ನೋಡಿದರೆ ಉಲ್ಟಾ: ಕಾಡು ಪದೇಪದೇ ನೆನೆಯುತ್ತಿದ್ದರೆ ಅಷ್ಟು ತರಗೆಲೆ ಒಟ್ಟಿಗೆ ಸೇರುತ್ತಲೇ ಇರಲಿಲ್ಲ.

ಈಗ ಕೊರತೆ ನೀರಿನದೊಂದೇ ಅಲ್ಲ, ದಾರಿಯದೂ ಹೌದು. ಸೌಮ್ಯವಾಗಿ ದಡ ದಾಟಿಸುವ ನೀರು ನದಿಬದಿಯ ಖಾಸಗಿ ಹೊಲ, ಹುಲ್ಲುಗಾವಲು, ಕಿರುಸೇತುವೆಗಳಿಗೂ ನುಗ್ಗುತ್ತದೆ. ಹ್ಯೂಮ್‌ನಿಂದ ಯಾರವಾಂಗಾವರೆಗಿನ ಜಮೀನಿನವರಿಗೆ ಪರಿಹಾರ ಕೊಟ್ಟು ದಿನಕ್ಕೆ 25,000 ಮೆಗಾಲೀಟರ್ (ಸುಮಾರು 10,200 ಕ್ಯೂಸೆಕ್) ಹರಿಸುವ ಅನುಮತಿಯನ್ನು ಸರ್ಕಾರ ಪಡೆದಿದೆ. ಯಾರವಾಂಗಾ ಕೆಳಗೆ ಪರಿಸರಕ್ಕೆಂದು ಬಿಡುವ ಹರಿವಿಗೆ ಬಹುಕಾಲದಿಂದ ಇರುವ ಮಿತಿ 15,000 ಮೆಗಾಲೀಟರ್ (6,100 ಕ್ಯೂಸೆಕ್). ಅದನ್ನು 45,000ದವರೆಗೂ ಏರಿಸುವ ಆಯ್ಕೆಗಳು ಚರ್ಚೆಗೆ ಬಂದಿವೆ, ಜಮೀನಿನವರ ಒಪ್ಪಿಗೆ ಸಿಗುವುದು ತಡವಾಗುತ್ತಲೇ ಬಂದಿದೆ. ಕೆಳಗಿನ ಹಟ್ಟಾ ಕೆರೆಗಳಿಗೆ 2013ರಲ್ಲಿ ಪಂಪುಗಳು ಬಂದವು. ಪಂಪಿನ ನೀರು ಮರಗಳನ್ನು ಬದುಕಿಸುತ್ತದೆ, ಆದರೆ ನದಿಯ ಮೀನು ಬಯಲಿಗೆ ಬಂದು ಮರಳಿ ನದಿ ಸೇರುವ ದಾರಿಯನ್ನು ಪಂಪು ಕೊಡಲಾರದು.

ಯಾರವಾಂಗಾ ಕೆಳಗಿನ 15,000 ಮೆಗಾಲೀಟರಿನ ಹರಿವಿನಲ್ಲಿ ಬಾರ್ಮಾದ ತಗ್ಗಿನ ಹುಲ್ಲುಬಯಲುಗಳು ನೆನೆಯುತ್ತವೆ. ಎತ್ತರದ ನೆಲದ ರೆಡ್ ಗಮ್ ಮರಗಳಿಗೆ ಆ ನೀರು ತಲುಪುವುದಿಲ್ಲ. ಅವು ಅಣೆಕಟ್ಟುಗಳು ತಡೆಯಲಾಗದಷ್ಟು ದೊಡ್ಡ ನೆರೆಯನ್ನೇ ಕಾಯಬೇಕು.