ವಾರ್ಡ್ ಸಮಿತಿ ಎಂಬ ಖಾಲಿ ಕುರ್ಚಿ: 'ಬೇಡ' ಎಂದು ಗೆದ್ದವರು 'ಬೇಕು' ಎಂದು ಇನ್ನೂ ಕಾಯುತ್ತಿರುವುದೇಕೆ?

2016ರ ಅಕ್ಟೋಬರ್ 16, ಭಾನುವಾರ ಬೆಳಗ್ಗೆ. ಬೆಂಗಳೂರಿನ ಬಸವೇಶ್ವರ ವೃತ್ತದಿಂದ ಹೆಬ್ಬಾಳದ ಕಡೆ ಹೋಗುವ ರಸ್ತೆಯಲ್ಲಿ ಸಾವಿರಾರು ಜನ ಕೈ ಕೈ ಹಿಡಿದು ನಿಂತಿದ್ದರು. ನಾನೂ ನಿಂತಿದ್ದೆ, ಅರ್ಧ ವರದಿಗಾರನಾಗಿ, ಅರ್ಧ ಕುತೂಹಲಕ್ಕೆ. ಅವರು ಹೇಳುತ್ತಿದ್ದುದು ಒಂದೇ ಮಾತು: ಸ್ಟೀಲ್ ಫ್ಲೈಓವರ್ ಬೇಡ. 6.7 ಕಿಲೋಮೀಟರ್ ಉದ್ದದ ಉಕ್ಕಿನ ಸೇತುವೆ, ಅಂದಾಜು ವೆಚ್ಚ 1,791 ಕೋಟಿ ರೂಪಾಯಿ, ಬಲಿಯಾಗಬೇಕಿದ್ದ ಮರಗಳು 812. ನಾನು ಓದಿದ್ದು ಸಿವಿಲ್ ಇಂಜಿನಿಯರಿಂಗ್. ಹಳೇ ಚಾಳಿ ಬಿಡಲಿಲ್ಲ, ಅಲ್ಲೇ ಮೊಬೈಲಿನಲ್ಲಿ ಭಾಗಾಕಾರ ಮಾಡಿದೆ. ಕಿಲೋಮೀಟರಿಗೆ ಸುಮಾರು 267 ಕೋಟಿ.

2017ರ ಮಾರ್ಚ್ 2ರಂದು ಅಂದಿನ ಬೆಂಗಳೂರು ಅಭಿವೃದ್ಧಿ ಸಚಿವ ಕೆ.ಜೆ. ಜಾರ್ಜ್ ಯೋಜನೆ ಕೈಬಿಟ್ಟಿರುವುದಾಗಿ ಪ್ರಕಟಿಸಿದರು. ಐದು ತಿಂಗಳೂ ಹಿಡಿಯಲಿಲ್ಲ. ಇದನ್ನು ಬರೀ ಜನರ ಗೆಲುವು ಅಂತ ಬರೆದುಬಿಟ್ಟರೆ ತಪ್ಪಾಗುತ್ತದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ತಡೆಯಾಜ್ಞೆ ಇತ್ತು. ವಿರೋಧ ಪಕ್ಷದ ಕಿಕ್‌ಬ್ಯಾಕ್ ಆರೋಪವಿತ್ತು, ಸರ್ಕಾರವೇ ಆ ಆರೋಪಗಳನ್ನು ಕಾರಣವಾಗಿ ಮುಂದಿಟ್ಟಿತು. ಆದರೂ ರಸ್ತೆಯಲ್ಲಿ ನಿಂತ ಜನರಿಲ್ಲದಿದ್ದರೆ ಮಿಕ್ಕಿದ್ದೆಲ್ಲ ಇಷ್ಟು ಬೇಗ ಕೂಡಿಬರುತ್ತಿರಲಿಲ್ಲ ಎಂಬುದು ನನ್ನ ಅಂದಾಜು.

ಆ ಚಳವಳಿಯನ್ನು ಮುನ್ನಡೆಸಿದ 'ಸಿಟಿಜನ್ಸ್ ಫಾರ್ ಬೆಂಗಳೂರು' ಗುಂಪು ಆಮೇಲೆ ಎರಡು 'ಬೇಕು'ಗಳ ಹಿಂದೆ ಬಿತ್ತು. ಒಂದು ಉಪನಗರ ರೈಲು, ಅಂದರೆ 'ಚುಕುಬುಕು ಬೇಕು'. ಇನ್ನೊಂದು ವಾರ್ಡ್ ಸಮಿತಿ. ಈ ಲೇಖನ ಎರಡನೆಯದರ ಬಗ್ಗೆ. ಒಂದು ಯೋಜನೆಯನ್ನು ನಿಲ್ಲಿಸಲು ತಿಂಗಳುಗಳು ಸಾಕಾದ ಊರಿನಲ್ಲಿ, ಯೋಜನೆ ಹುಟ್ಟುವ ಮೊದಲೇ ಜನರನ್ನು ಕೇಳುವ ಒಂದು ಕೋಣೆ ತೆರೆಯಲು ದಶಕಗಳು ಸಾಲಲಿಲ್ಲ ಏಕೆ?

ಕಾನೂನು ಏನು ಹೇಳುತ್ತದೆ?

1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ ನಗರಾಡಳಿತಕ್ಕೆ ಸಾಂವಿಧಾನಿಕ ಸ್ಥಾನ ಕೊಟ್ಟಿತು. ಅದರ 243ಎಸ್ ವಿಧಿಯ ಪ್ರಕಾರ 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿ ಇರಲೇಬೇಕು. 243ಯು ವಿಧಿಯ ಪ್ರಕಾರ ಪಾಲಿಕೆಯ ಅವಧಿ ಐದು ವರ್ಷ, ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕು. 12ನೇ ಅನುಸೂಚಿಯಲ್ಲಿ ನೀರು, ರಸ್ತೆ, ಕೊಳೆಗೇರಿ ಸುಧಾರಣೆಯೂ ಸೇರಿ 18 ವಿಷಯಗಳ ಪಟ್ಟಿ ಇದೆ.

ಆದರೆ ಸಂವಿಧಾನ ಒಂದು ಸಂದು ಬಿಟ್ಟಿತು. ಸಮಿತಿ ಒಂದು ವಾರ್ಡಿಗೆ ಒಂದೋ, ಹತ್ತು ವಾರ್ಡಿಗೆ ಒಂದೋ, ಅದರಲ್ಲಿ ಯಾರಿರಬೇಕು ಎಂಬುದನ್ನೆಲ್ಲ ರಾಜ್ಯಗಳಿಗೇ ಬಿಟ್ಟಿತು. ಬೆಂಗಳೂರಿನಲ್ಲಿ 100 ವಾರ್ಡುಗಳಿದ್ದ ಕಾಲದಲ್ಲಿ ಹಲವು ವಾರ್ಡುಗಳನ್ನು ಸೇರಿಸಿ ಒಂದೊಂದು ಸಮಿತಿ ಮಾಡಿದ್ದರು. ನಿಮ್ಮ ಬೀದಿಯ ಚರಂಡಿ ಬಗ್ಗೆ ಮಾತಾಡಲು ನಾಲ್ಕು ಬಡಾವಣೆ ದಾಟಿ ಹೋಗಬೇಕು ಅಂದರೆ ಯಾರು ಹೋಗ್ತಾರೆ?

ಪ್ರತಿ ವಾರ್ಡಿಗೂ ಒಂದು ಸಮಿತಿ ಎಂಬ ನಿಯಮ ಬಂದದ್ದು 2011ರಲ್ಲಿ, ಕರ್ನಾಟಕ ಪೌರನಿಗಮಗಳ ಕಾಯ್ದೆಯ ತಿದ್ದುಪಡಿ ಮೂಲಕ. ಅದೂ ನಮ್ಮ ಶಾಸಕರಿಗೆ ಜ್ಞಾನೋದಯವಾಗಿ ಅಲ್ಲ. ಕೇಂದ್ರದ ಜೆನರ್ಮ್ ಯೋಜನೆಯ ದುಡ್ಡಿಗೆ ಜನರ ಭಾಗವಹಿಸುವಿಕೆಯ ಕಾನೂನು ಮಾಡಬೇಕೆಂಬ ಷರತ್ತಿತ್ತು. ಅದರ ನಿಯಮಾವಳಿ ಬರಲು 2016 ಆಯಿತು. ರಚನೆ ಹೀಗೆ: ಕಾರ್ಪೊರೇಟರ್ ಅಧ್ಯಕ್ಷರು, ಜೊತೆಗೆ ನಾಮನಿರ್ದೇಶಿತ 10 ಸದಸ್ಯರು. ಆ ಹತ್ತರಲ್ಲಿ ಕನಿಷ್ಠ 3 ಮಹಿಳೆಯರು, ಕನಿಷ್ಠ 2 ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಕನಿಷ್ಠ 2 ನಿವಾಸಿ ಸಂಘಗಳ ಪ್ರತಿನಿಧಿಗಳು. ತಿಂಗಳಿಗೊಮ್ಮೆ ಸಭೆ. ವಾರ್ಡಿನ ಅಭಿವೃದ್ಧಿ ಯೋಜನೆ ತಯಾರಿಸುವುದು, ಕಸ ವಿಲೇವಾರಿಯ ಮೇಲೆ ಕಣ್ಣಿಡುವುದು, ಕಾಮಗಾರಿಗಳ ಉಸ್ತುವಾರಿ ಇವೆಲ್ಲ ಅದರ ಕೆಲಸ. ಕೊನೆಯಲ್ಲೊಂದು ಬಾಲ: ಸಮಿತಿಯ ತೀರ್ಮಾನವನ್ನು ತಡೆಹಿಡಿಯುವ ವೀಟೊ ಅಧಿಕಾರ ಕಾರ್ಪೊರೇಟರ್ ಕೈಯಲ್ಲಿ.

ಈ ವೀಟೊ ಬಗ್ಗೆ ನಾಗರಿಕ ಗುಂಪುಗಳು ಆಗಲೇ ತಕರಾರು ತೆಗೆದಿದ್ದವು. ನನಗೆ ಮಾತ್ರ ಅದಕ್ಕಿಂತ ದೊಡ್ಡ ಸಮಸ್ಯೆ ನಾಮನಿರ್ದೇಶನ ಅನ್ನಿಸುತ್ತದೆ. ತನ್ನನ್ನು ಪ್ರಶ್ನಿಸುವವರನ್ನು ತಾನೇ ಆರಿಸಿಕೊಳ್ಳುವವರು ವೀಟೊ ಬಳಸುವ ಪ್ರಮೇಯವೇ ಬರುವುದಿಲ್ಲ.

ಕಸದಿಂದ ಹುಟ್ಟಿದ ಸಮಿತಿ

ಬೆಂಗಳೂರಿನಲ್ಲಿ ವಾರ್ಡ್ ಸಮಿತಿ ಕಾಗದದಿಂದ ನೆಲಕ್ಕಿಳಿದದ್ದಕ್ಕೆ ಕಸಕ್ಕೆ ಥ್ಯಾಂಕ್ಸ್ ಹೇಳಬೇಕು. 2012ರಲ್ಲಿ ಮಾವಳ್ಳಿಪುರದ ಕಸ ಸುರಿಯುವ ಜಾಗ ಮುಚ್ಚಿತು. ಊರ ಮೂಲೆಮೂಲೆಯಲ್ಲಿ ಗುಡ್ಡೆ ಬಿತ್ತು. ಮಾವಳ್ಳಿಪುರದ, ಮಂಡೂರಿನ ಹಳ್ಳಿಯವರು ನಿಮ್ಮ ಕೊಳಕು ನಮಗೆ ಬೇಡ ಎಂದು ಲಾರಿಗಳಿಗೆ ಅಡ್ಡ ನಿಂತರು. (ನಗರ ಚಳವಳಿಗಳ ಇತಿಹಾಸ ಬರೆಯುವವರು ಈ ಹಳ್ಳಿಗರನ್ನು ಮರೆಯುವುದೇ ಹೆಚ್ಚು. ಮೊದಲ 'ಬೇಡ' ಅವರದು.) ಹೈಕೋರ್ಟಿನಲ್ಲಿ ನಡೆದ ಕಸದ ಪ್ರಕರಣದ ವಿಚಾರಣೆಯಲ್ಲೇ ವಾರ್ಡ್ ಸಮಿತಿ ರಚಿಸಿ ಎಂಬ ನಿರ್ದೇಶನಗಳು ಬಂದವು. ಸಿವಿಕ್‌ನಂಥ ಸಂಸ್ಥೆಗಳು ಅದಕ್ಕೂ ಬಹಳ ಹಿಂದಿನಿಂದ ಇದೇ ಬೇಡಿಕೆ ಇಟ್ಟುಕೊಂಡು ಪತ್ರ, ಅರ್ಜಿ, ಸಭೆ ಅಂತ ಅಲೆಯುತ್ತಿದ್ದವು. 2018ರ ಕೊನೆಯ ಹೊತ್ತಿಗೆ, ಪ್ರತಿ ತಿಂಗಳ ಮೊದಲ ಶನಿವಾರ ಎಲ್ಲ ವಾರ್ಡುಗಳಲ್ಲಿ ಸಭೆ ನಡೆಯಬೇಕು ಎಂದು ಬಿಬಿಎಂಪಿ ಸೂಚಿಸಿತು. 1993ರಿಂದ ಲೆಕ್ಕ ಹಾಕಿದರೆ 25 ವರ್ಷ. ಮಂಗಳೂರಿನಲ್ಲೂ ನಾಗರಿಕರು ಹೈಕೋರ್ಟ್ ಮೆಟ್ಟಿಲು ಹತ್ತಬೇಕಾಯಿತು.

2019ರಲ್ಲಿ ನಾನು ಇಂಥ ಕೆಲವು ಸಭೆಗಳಿಗೆ ಹೋಗಿ ಕೂತಿದ್ದೇನೆ. ಒಂದು ಸಭೆ ನೆನಪಾಗುತ್ತದೆ. ವಾರ್ಡಿನ ಹೆಸರು ಬೇಡ, ಎಲ್ಲಾ ಕಡೆಯ ಕಥೆ ಅದೇ. ಹತ್ತೂವರೆಗೆ ಅಂದಿದ್ದ ಸಭೆ ಹನ್ನೊಂದೂಕಾಲಿಗೆ ಶುರು. ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಫುಟ್‌ಪಾತ್ ಫೋಟೋಗಳ ದಪ್ಪ ಫೈಲ್ ತಂದಿದ್ದರು. ಅವರ ಮಾತು ಮುಗಿಯುವಷ್ಟರಲ್ಲಿ ಕಾಫಿ ಬಂತು. ಹಿಂದಿನ ಬೆಂಚಿನಲ್ಲಿದ್ದ ಸದಸ್ಯೆಯೊಬ್ಬರು, ಮನೆಗೆಲಸ ಮಾಡುವವರು, ಎದ್ದು ಕೇಳಿದ್ದು ಒಂದೇ ಪ್ರಶ್ನೆ: "ರಾಜಕಾಲುವೆ ಹೂಳು ತೆಗೆದಿದ್ದೀವಿ ಅಂತ ಬೋರ್ಡ್ ಹಾಕಿದ್ದೀರಲ್ಲ, ಯಾವತ್ತು ತೆಗೆದ್ರಿ? ನಮ್ಮನೆ ಅದರ ಪಕ್ಕದಲ್ಲೇ ಇರೋದು, ನಾವು ನೋಡ್ಲೇ ಇಲ್ಲ."

ಕೋಣೆ ನಿಶ್ಶಬ್ದವಾಯಿತು. ಇಂಜಿನಿಯರ್ ಫೋನ್ ನೋಡಿಕೊಂಡರು. ಮುಂದಿನ ಸಭೆಗೆ ವಿವರ ತರುತ್ತೇನೆ ಎಂದರು.

ಇಷ್ಟೇ ತಾನೇ ಅನ್ನಬಹುದು. ಆದರೆ ಕಾಮಗಾರಿಗಳ ಲೆಕ್ಕ ಗೊತ್ತಿರುವವರಿಗೆ ಆ ಪ್ರಶ್ನೆಯ ತೂಕ ಗೊತ್ತು. ಪಾಲಿಕೆಯ ಪ್ರತಿ ಕೆಲಸಕ್ಕೂ ಒಂದು ಜಾಬ್ ಕೋಡ್ ಇರುತ್ತದೆ, ಕಾರ್ಯಾದೇಶ ಇರುತ್ತದೆ. ಎಷ್ಟು ಅಗೆದರು, ಎಷ್ಟು ತುಂಬಿದರು ಎಂದು ಬರೆಯುವ ಅಳತೆ ಪುಸ್ತಕ ಇರುತ್ತದೆ. ನಮ್ಮ ಭಾಷೆಯಲ್ಲಿ ಅದು 'ಎಂ.ಬಿ.' ಬಿಲ್ ಪಾಸಾಗುವುದು ಅದರ ಮೇಲೆ. ಒಬ್ಬ ಇಂಜಿನಿಯರ್ ಬರೆದದ್ದನ್ನು ಇನ್ನೊಬ್ಬ ಇಂಜಿನಿಯರ್ ಪರಿಶೀಲಿಸುತ್ತಾರೆ. ಕಾಲುವೆ ಪಕ್ಕದ ಮನೆಯವರನ್ನು ಯಾರೂ ಕೇಳುವುದಿಲ್ಲ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದರೆ 30 ದಿನ ಕಾಯಬೇಕು, ಕೊನೆಗೆ ಸಿಗುವುದು ಕಾಗದ. ವಾರ್ಡ್ ಸಮಿತಿಯಲ್ಲಿ ಕಾಗದ ಬರೆದವರೂ ನೆಲ ನೋಡಿದವರೂ ಎದುರುಬದುರು ಕೂರುತ್ತಾರೆ, ನಡಾವಳಿಯಲ್ಲಿ ದಾಖಲಾಗುತ್ತದೆ.

ಮುಂದಿನ ತಿಂಗಳ ಸಭೆಗೆ ನಾನು ಹೋಗಲಾಗಲಿಲ್ಲ. ವಿವರ ಬಂತಂತೆ, ಜಾಬ್ ಕೋಡ್ ಇರಲಿಲ್ಲವಂತೆ.

ಯಾರಿಗೆ ಕುರ್ಚಿ ಇಲ್ಲ?

ನಮ್ಮ ನಗರದ ಪ್ರಗತಿಪರ ರಾಜಕಾರಣದ ಬಗ್ಗೆ ನನಗೊಂದು ಮುನಿಸಿದೆ. ಫ್ಲೈಓವರ್ ವಿರುದ್ಧ ಕೈ ಹಿಡಿದವರಲ್ಲಿ ಬಹುಪಾಲು ಇಂಗ್ಲಿಷ್ ಬಲ್ಲ, ಸ್ವಂತ ಮನೆಯ, ನನ್ನಂಥ ಡಿಗ್ರಿಯ ಜನ. ಅದರಲ್ಲಿ ತಪ್ಪಿಲ್ಲ. ಆದರೆ ಕಾನೂನು ನಿವಾಸಿ ಸಂಘಗಳಿಗೆ 2 ಸ್ಥಾನ ಬರೆದಿಟ್ಟಿತು, ಬೆಳಗ್ಗೆ ಆರೂವರೆಗೆ ಅದೇ ವಾರ್ಡಿನ ರಸ್ತೆ ಗುಡಿಸುವವರಿಗೆ ಬರೆದಿಡಲಿಲ್ಲ. ಬೀದಿ ವ್ಯಾಪಾರಿಗೆ, ಬಾಡಿಗೆದಾರನಿಗೆ, ಕೊಳೆಗೇರಿ ಸಂಘಕ್ಕೆ ಪ್ರತ್ಯೇಕ ಸ್ಥಾನವಿಲ್ಲ.

ಹಾಗಂತ ಅವರು ಸುಮ್ಮನಿರಲಿಲ್ಲ. ಚಿಂದಿ ಆಯುವವರು ಸಂಘಟಿತರಾಗಿ 2011ರ ಹೊತ್ತಿಗೆ ಪಾಲಿಕೆಯಿಂದ ಗುರುತಿನ ಚೀಟಿ ಪಡೆದರು. ಇಂದು ಹಲವು ವಾರ್ಡುಗಳ ಒಣಕಸ ಕೇಂದ್ರ ನಡೆಸುವವರು ಅವರೇ. ಪೌರಕಾರ್ಮಿಕರ ಹೋರಾಟ ಇನ್ನೂ ಉದ್ದದ್ದು. ಗುತ್ತಿಗೆದಾರನ ಮೂಲಕ ಬರುತ್ತಿದ್ದ ಸಂಬಳ 2018ರಿಂದ ಪಾಲಿಕೆಯಿಂದಲೇ ನೇರವಾಗಿ ಬರತೊಡಗಿತು. 2022ರ ಜುಲೈ 1ರಂದು ಕಾಯಂ ನೇಮಕಾತಿಗಾಗಿ ಮುಷ್ಕರ ಹೂಡಿದರು. ನಾಲ್ಕನೇ ದಿನ ಬಸವರಾಜ ಬೊಮ್ಮಾಯಿ ಸರ್ಕಾರ ಭರವಸೆ ಕೊಟ್ಟಿತು. 2025ರ ಮೇ 1ರಂದು ಸಿದ್ದರಾಮಯ್ಯ 12,692 ಮಂದಿಗೆ ಕಾಯಮಾತಿ ಆದೇಶ ಕೊಟ್ಟರು. ಅವರಲ್ಲಿ ಬಹುಪಾಲು ಮಹಿಳೆಯರು, ಬಹುಪಾಲು ದಲಿತರು. ಎರಡು ಪಕ್ಷಗಳ ಎರಡು ಸರ್ಕಾರ ದಾಟಿ ಬಂದ ಗೆಲುವಿದು. ಕಸದ ಆಟೋ ಓಡಿಸುವವರೂ ಅದರ ಸಹಾಯಕರೂ ಇದರಿಂದ ಹೊರಗುಳಿದರು ಎಂಬುದೂ ಅಷ್ಟೇ ನಿಜ. ಇಲ್ಲಿ 'ಬೇಕು' ಗೆದ್ದಿದೆ, ಆದರೆ ಅದನ್ನು ಗೆಲ್ಲಿಸಿದ್ದು ವಾರ್ಡ್ ಸಮಿತಿಯಲ್ಲ, ಯೂನಿಯನ್.

ಕುರ್ಚಿ ಇಟ್ಟವರೇ ಎತ್ತಿಕೊಂಡು ಹೋದರು

2020ರ ಸೆಪ್ಟೆಂಬರ್ 10ಕ್ಕೆ ಬಿಬಿಎಂಪಿಯ 198 ಕಾರ್ಪೊರೇಟರ್‌ಗಳ ಅವಧಿ ಮುಗಿಯಿತು. ಡಿಸೆಂಬರ್ 4ರಂದು ಹೈಕೋರ್ಟ್ ಆರು ವಾರದಲ್ಲಿ ಚುನಾವಣೆ ಪ್ರಕ್ರಿಯೆ ಶುರುಮಾಡಿ ಎಂದಿತು. ಅಂದಿನ ಬಿಜೆಪಿ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು, ತಡೆ ಸಿಕ್ಕಿತು. ವಾರ್ಡುಗಳನ್ನು 243 ಮಾಡಿದರು. 2023ರಲ್ಲಿ ಕಾಂಗ್ರೆಸ್ ಬಂತು, 225 ಮಾಡಿತು. ಆಮೇಲೆ ಬಿಬಿಎಂಪಿಯನ್ನೇ ತೆಗೆದು ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರಡಿ ಐದು ಪಾಲಿಕೆಗಳು, 369 ವಾರ್ಡುಗಳು. ಐದು ಪಾಲಿಕೆಗಳು ಹುಟ್ಟಿದ್ದು 2025ರ ಸೆಪ್ಟೆಂಬರ್‌ನಲ್ಲಿ. ಅದೇ ತಿಂಗಳು, ಚುನಾಯಿತ ಪಾಲಿಕೆಯಿಲ್ಲದೆ ಐದು ವರ್ಷ ತುಂಬಿತು. ಅಂದರೆ ಪೂರ್ತಿ ಒಂದು ಅವಧಿ. ಇದು ಮೊದಲ ಸಲವೂ ಅಲ್ಲ. 2006ರ ಕೊನೆಯಿಂದ 2010ರ ಮಾರ್ಚ್‌ವರೆಗೂ ಹೀಗೇ ನಡೆದಿತ್ತು.

ನಾಮಫಲಕ ಬದಲಾದರೂ ಲೆಕ್ಕ ಬದಲಾಗಲಿಲ್ಲ. ಬೆಂಗಳೂರಿನಲ್ಲಿ 28 ವಿಧಾನಸಭಾ ಕ್ಷೇತ್ರಗಳಿವೆ. ಕಾರ್ಪೊರೇಟರ್ ಇಲ್ಲದ ಊರಿನಲ್ಲಿ ರಸ್ತೆಯ ಅನುದಾನವೂ ಶಾಸಕರದ್ದೇ, ಮೋರಿಯ ಗುದ್ದಲಿ ಪೂಜೆಯೂ ಶಾಸಕರದ್ದೇ. ಹೊಸ ಪ್ರಾಧಿಕಾರದ ಅಧ್ಯಕ್ಷರು ಮುಖ್ಯಮಂತ್ರಿ. ಇದೇ ರಾಜ್ಯದಲ್ಲಿ, 'ನೀರ್ ಸಾಬ್' ಎಂದೇ ಹೆಸರಾದ ಅಬ್ದುಲ್ ನಜೀರ್ ಸಾಬ್ 1983ರ ಕಾಯ್ದೆ ಮಾಡಿಸಿ, ಶಾಸಕರ ಕೈಯಿಂದ ಅಧಿಕಾರ ಕಿತ್ತು ಜಿಲ್ಲಾ ಪರಿಷತ್ತುಗಳಿಗೆ ಕೊಟ್ಟಿದ್ದರು, 1987ರಲ್ಲಿ ಚುನಾವಣೆಯೂ ಆಗಿತ್ತು. 73ನೇ ತಿದ್ದುಪಡಿಗೂ ಮೊದಲು! ಹಳ್ಳಿಗೆ ಮಾಡಿದ್ದನ್ನು ನಗರಕ್ಕೆ ಮಾಡುವ ಒಬ್ಬ ಮಂತ್ರಿ ನಮಗಿನ್ನೂ ಸಿಕ್ಕಿಲ್ಲ.

ಕಾರ್ಪೊರೇಟರ್‌ಗಳು ಮನೆಗೆ ಹೋದ ಮೇಲೆ ವಾರ್ಡ್ ಸಭೆ ನಡೆಸಲು ನೋಡಲ್ ಅಧಿಕಾರಿಗಳನ್ನು ನೇಮಿಸಿದರು. ಕೆಲವು ಕಡೆ ನಿವಾಸಿಗಳೇ ಬೆನ್ನು ಬಿಡದೆ ಸಭೆ ನಡೆಸಿದರು. ಆದರೆ ವರ್ಗಾವಣೆಗೆ ಕಾಯುತ್ತಿರುವ ಅಧಿಕಾರಿಗೂ ಮುಂದಿನ ಸಲ ವೋಟು ಕೇಳಬೇಕಾದವರಿಗೂ ವ್ಯತ್ಯಾಸ ಇದ್ದೇ ಇರುತ್ತದೆ.

ಇದರ ಬೆಲೆ ಏನು ಎಂದು ನೋಡಬೇಕಿದ್ದರೆ ಮತ್ತೆ ಹೆಬ್ಬಾಳಕ್ಕೇ ಬರಬೇಕು. ಈ ಸಲ ಮೇಲಲ್ಲ, ಕೆಳಗೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುಮಾರು 16.7 ಕಿಲೋಮೀಟರ್ ಸುರಂಗ ರಸ್ತೆ, ಅಂದಾಜು 17,700 ಕೋಟಿ ರೂಪಾಯಿ. ಸ್ಟೀಲ್ ಫ್ಲೈಓವರಿನ ಹತ್ತುಪಟ್ಟು ಹತ್ತಿರ. ಪಾಲಿಕೆಯ ಸದನದಲ್ಲಿ ಈ ಬಗ್ಗೆ ಒಂದು ಗಂಟೆಯೂ ಚರ್ಚೆ ಆಗಲಿಲ್ಲ, ಆಗಲು ಸದನವೇ ಇರಲಿಲ್ಲ. ಲಾಲ್‌ಬಾಗಿನ ಜಾಗದ ವಿಷಯ ಬಂದಾಗ ಜನ ಮತ್ತೆ ಫಲಕ ಹಿಡಿದರು, ಮತ್ತೆ ಕೋರ್ಟಿಗೆ ಹೋದರು. ಮತ್ತೆ 'ಬೇಡ'.

ನನ್ನ ಗೆಳೆಯನೊಬ್ಬ ಕೇಳಿದ: ಟ್ರಾಫಿಕ್ಕಿನಲ್ಲಿ ಸಾಯ್ತಿದ್ದೀವಿ, ಏನು ತಂದರೂ ಬೇಡ ಅಂತೀರಲ್ಲ ನೀವು? ನ್ಯಾಯವಾದ ಪ್ರಶ್ನೆ. ಬಸ್ಸಿಗೆಷ್ಟು, ಫುಟ್‌ಪಾತಿಗೆಷ್ಟು, ಸುರಂಗಕ್ಕೆಷ್ಟು ಎಂದು ಟೆಂಡರಿಗೂ ಮೊದಲು ಕೇಳುವ ಜಾಗವೇ ಇಲ್ಲದಾಗ, ಟೆಂಡರ್ ಆದ ಮೇಲೆ ಬೀದಿಗೆ ಬರುವುದೊಂದೇ ದಾರಿ ಉಳಿಯುತ್ತದೆ ಎಂದೆ. ಅವನು ಪೂರ್ತಿ ಒಪ್ಪಲಿಲ್ಲ.

ಪಾಲಿಕೆ ಚುನಾವಣೆಯ ಪ್ರಚಾರಕ್ಕೆ ಅಭ್ಯರ್ಥಿಗಳು ನಿಮ್ಮ ಬಾಗಿಲಿಗೆ ಬಂದಾಗ ಕಸ, ನೀರು, ಗುಂಡಿ ಬಗ್ಗೆ ಧಾರಾಳವಾಗಿ ಕೇಳಿ. ಜೊತೆಗೆ ಇವನ್ನೂ ಕೇಳಿ: ಗೆದ್ದರೆ ವಾರ್ಡ್ ಸಮಿತಿ ಎಷ್ಟು ದಿನದಲ್ಲಿ ರಚಿಸಲು ಒತ್ತಾಯಿಸುತ್ತೀರಿ? ನಡಾವಳಿಯನ್ನು ಕನ್ನಡದಲ್ಲಿ ಎಲ್ಲಿ ಅಂಟಿಸುತ್ತೀರಿ? ಪೌರಕಾರ್ಮಿಕರೊಬ್ಬರು, ಕೊಳೆಗೇರಿಯವರೊಬ್ಬರು, ಬಾಡಿಗೆದಾರರೊಬ್ಬರು ಅದರಲ್ಲಿರುತ್ತಾರಾ? ಸಭೆ ಶನಿವಾರ ಬೆಳಗ್ಗೆಯೇ ಇಟ್ಟರೆ ಮನೆಗೆಲಸಕ್ಕೆ ಹೋಗುವವರು ಹೇಗೆ ಬರಬೇಕು?