ಬಯಲುಸೀಮೆಯಿಂದ ಹಿಮಾಲಯ ಚಾರಣ: ಉಡುಪು ಮತ್ತು ಸಿದ್ಧತೆ

ಎತ್ತರ ಪ್ರದೇಶದ ಚಾರಣ

ಸಮುದ್ರಮಟ್ಟದಿಂದ 2,500 ಮೀಟರ್‌ಗಿಂತ ಮೇಲೆ ಕೈಗೊಳ್ಳುವ ಚಾರಣವನ್ನು ಸಾಮಾನ್ಯವಾಗಿ ಎತ್ತರ ಪ್ರದೇಶದ ಚಾರಣವೆಂದು ಪರಿಗಣಿಸಲಾಗುತ್ತದೆ. ಕರ್ನಾಟಕದ ಯಾವ ಶಿಖರವೂ ಈ ಮಿತಿಯನ್ನು ಮುಟ್ಟುವುದಿಲ್ಲ. ಎಲ್ಲಕ್ಕಿಂತ ಎತ್ತರದ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರ್. ಬಳ್ಳಾರಿ ಜಿಲ್ಲೆಯ ರೂಪನಗುಡಿ, ಕುರುಗೋಡು, ಸಿರುಗುಪ್ಪಗಳ ಎರೆಭೂಮಿ 500 ಮೀಟರಿನ ಆಸುಪಾಸಿನಲ್ಲಿ ಅಥವಾ ಅದಕ್ಕೂ ತಗ್ಗಿನಲ್ಲಿದೆ.

ದೇಹದ ಮೇಲಿನ ಪರಿಣಾಮ

ಎಷ್ಟೇ ಎತ್ತರಕ್ಕೆ ಹೋದರೂ ಗಾಳಿಯಲ್ಲಿ ಆಮ್ಲಜನಕದ ಪಾಲು ಶೇ. 21ರಷ್ಟೇ ಇರುತ್ತದೆ. ಕುಗ್ಗುವುದು ವಾಯುವಿನ ಒತ್ತಡ. 5,500 ಮೀಟರ್ ಎತ್ತರದಲ್ಲಿ ಅದು ಸಮುದ್ರಮಟ್ಟದಲ್ಲಿರುವುದರ ಅರ್ಧಕ್ಕಿಳಿಯುವುದರಿಂದ ಪ್ರತಿ ಉಸಿರಿಗೂ ಸಿಗುವ ಆಮ್ಲಜನಕ ಕಡಿಮೆಯಾಗುತ್ತದೆ. ತಲೆನೋವು, ವಾಕರಿಕೆ, ನಿದ್ರಾಹೀನತೆ ಇದರ ಮೊದಲ ಲಕ್ಷಣಗಳು. ಕುಳಿತಲ್ಲೇ ಏದುಸಿರು, ತೂರಾಡುವ ನಡಿಗೆ ಅಥವಾ ಮಾತಿನ ಗೊಂದಲ ಕಂಡರೆ ಶ್ವಾಸಕೋಶ ಇಲ್ಲವೇ ಮೆದುಳಿನಲ್ಲಿ ನೀರು ತುಂಬುತ್ತಿರುವ ಸಂಭವವಿದೆ. ಆಗ ರಾತ್ರಿಯಾಗಿದ್ದರೂ ಅಂಥವರನ್ನು ಕೆಳಗಿಳಿಸಬೇಕು. 3,000 ಮೀಟರ್ ದಾಟಿದ ಮೇಲೆ ಮಲಗುವ ಸ್ಥಳವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸದಿರುವುದು, ಮೂರು–ನಾಲ್ಕು ದಿನಕ್ಕೊಮ್ಮೆ ಮೇಲೇರದೆ ಒಂದು ದಿನ ವಿಶ್ರಮಿಸುವುದು ರೂಢಿಯ ನಿಯಮ.

ಉಡುಪಿನ ಆಯ್ಕೆ

ಬಳ್ಳಾರಿಯವರು ಹೆಚ್ಚು ಎಡವುವುದು ಇಲ್ಲಿಯೇ. ಹತ್ತಿ ಬೆವರನ್ನು ಹೀರಿ ನಿಧಾನವಾಗಿ ಆರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಮೈ ತಂಪಾಗಿಡುವ ಈ ಗುಣವೇ ಹಿಮಗಾಳಿಯಲ್ಲಿ ದೇಹದ ಶಾಖವನ್ನು ಕಸಿಯುತ್ತದೆ. ಊರಿಗೆ ಹೆಸರು ತಂದ ಜೀನ್ಸ್ ಕೂಡ ಹತ್ತಿಯದೇ. ಒಮ್ಮೆ ನೆನೆದರೆ ಅದು ಭಾರವಾಗಿ, ಬಿರುಸಾಗಿ ಕಾಲಿಗಂಟುತ್ತದೆ. ಇಡೀ ರಾತ್ರಿ ಗುಡಾರದಲ್ಲಿ ನೇತುಹಾಕಿದರೂ ಆರುವುದಿಲ್ಲ. ಇದನ್ನು ಮನೆಯಲ್ಲೇ ಬಿಟ್ಟುಹೋಗುವುದು ಲೇಸು.

ಮೂರು ಪದರಗಳ ಉಡುಪು ಸೂಕ್ತ. ಮೈಗೆ ತಾಗುವಂತೆ ಉಣ್ಣೆ ಅಥವಾ ಪಾಲಿಯೆಸ್ಟರ್, ಅದರ ಮೇಲೆ ಫ್ಲೀಸ್ ಇಲ್ಲವೇ ಹಕ್ಕಿಗರಿ ತುಂಬಿದ ಜಾಕೆಟ್, ಹೊರಗೆ ಗಾಳಿ–ಮಳೆ ತಡೆಯುವ ಕವಚ. ಗರಿ ಒದ್ದೆಯಾದರೆ ಬೆಚ್ಚಗಿಡುವುದಿಲ್ಲವಾದ್ದರಿಂದ ಈ ಕವಚದಲ್ಲಿ ಕಂಜೂಸುತನ ಸಲ್ಲದು. 2024ರ ಜೂನ್‌ನಲ್ಲಿ, ಬೇಸಿಗೆಯೆಂದೇ ಎಣಿಸುವ ತಿಂಗಳಲ್ಲಿ, ಉತ್ತರಾಖಂಡದ ಸಹಸ್ರತಾಲ್ ಮಾರ್ಗದಲ್ಲಿ ಹಿಮಬಿರುಗಾಳಿಗೆ ಸಿಲುಕಿ ಕರ್ನಾಟಕದ ತಂಡವೊಂದರ ಒಂಬತ್ತು ಮಂದಿ ಮೃತಪಟ್ಟರು.

ಹಿಮವು ಸೂರ್ಯನ ಅತಿನೇರಳೆ ಕಿರಣಗಳ ಬಹುಪಾಲನ್ನು ಪ್ರತಿಫಲಿಸುತ್ತದೆ. ಕಪ್ಪು ಕನ್ನಡಕ ಶೋಕಿಯ ವಸ್ತುವಲ್ಲ.

ಊರಿನಲ್ಲೇ ಮಾಡುವ ತಯಾರಿ

ಬಳ್ಳಾರಿ ಕೋಟೆಗುಡ್ಡದ ಮೆಟ್ಟಿಲುಗಳು ಒಳ್ಳೆಯ ವ್ಯಾಯಾಮಶಾಲೆ. ಎರಡು–ಮೂರು ತಿಂಗಳು ಮುಂಚಿತವಾಗಿ, ನಸುಕಿನಲ್ಲಿ, ಬೆನ್ನುಚೀಲದ ತೂಕವನ್ನು ವಾರವಾರಕ್ಕೆ ಹೆಚ್ಚಿಸುತ್ತ ಹತ್ತಿಳಿಯಬೇಕು. ಮಂಡಿಗೆ ಪೆಟ್ಟಾಗುವುದು ಇಳಿಯುವಾಗ; ಆದ್ದರಿಂದ ಇಳಿಯುವ ಅಭ್ಯಾಸಕ್ಕೆ ಸಮನಾದ ಸಮಯ ಕೊಡಬೇಕು. ಹೊಸ ಬೂಟನ್ನು ಇಲ್ಲಿಯೇ ಪಳಗಿಸಬೇಕು. ದಪ್ಪ ಉಣ್ಣೆಯ ಕಾಲುಚೀಲ ಹಾಕಿಕೊಂಡು ಇಳಿಯುವಾಗ ಬೆರಳುಗಳು ಬೂಟಿನ ಮುಂತುದಿಗೆ ತಾಗಿದರೆ ಅದು ಚಿಕ್ಕ ಅಳತೆಯದು. ಮೆಟ್ಟಿಲು ಹತ್ತಿಳಿಯುವ ಈ ಅಭ್ಯಾಸ ಕಾಲು ಮತ್ತು ಹೃದಯವನ್ನು ಬಲಪಡಿಸುತ್ತದೆಯೇ ಹೊರತು ವಿರಳ ಗಾಳಿಗೆ ಒಗ್ಗಿಸುವುದಿಲ್ಲ. ಗಟ್ಟಿಮುಟ್ಟಾದ ಯುವಕರಿಗೂ ಎತ್ತರದ ಕಾಯಿಲೆ ಬರುತ್ತದೆ. ಅದನ್ನು ತಡೆಯಲು ಬಳಸುವ ಅಸೆಟಜೋಲಮೈಡ್ ಮಾತ್ರೆಯನ್ನು ವೈದ್ಯರ ಸಲಹೆಯಿಲ್ಲದೆ ನುಂಗಬಾರದು.

ಹಿಂದಿರುಗುವ ರೈಲಿನ ಟಿಕೆಟನ್ನು ಎರಡು ದಿನ ಬಿಟ್ಟು ಕಾಯ್ದಿರಿಸುವುದೂ ಸಿದ್ಧತೆಯ ಭಾಗವೇ. ಹವಾಮಾನ ಕೆಟ್ಟಾಗ ಗುಡಾರದಲ್ಲೇ ಕಾಯಲು ಆಗ ಯಾರೂ ಹಿಂಜರಿಯುವುದಿಲ್ಲ.